ಶಿಂಚುವಿನ ನೂಡಲ್ಸ್ ಅಂಗಡಿಯಲ್ಲಿ ಸಸ್ಯಾಹಾರಿಯ ಊಟ: ನನ್ನ ಅನುಭವ

ತೈವಾನಿನ ಶಿಂಚುವಿಗೆ ಕೆಲಸಕ್ಕೆಂದು ಬರುವ ಕನ್ನಡಿಗ ಸಸ್ಯಾಹಾರಿಗಳಿಗೆ ಮೊದಲೇ ಬಂದವರು ಹೇಳುವ ಮಾತು ಒಂದೇ: ಕುಕ್ಕರ್ ತನ್ನಿ, ಬೇಳೆ ತನ್ನಿ, ಬೀದಿಬದಿಯ ನೂಡಲ್ಸ್ ಅಂಗಡಿಗಳ ಕಡೆ ತಲೆ ಹಾಕಬೇಡಿ. ನನಗೂ ಹಾಗೆಯೇ ಹೇಳಿದ್ದರು. ಆದರೂ ಕಳೆದ ಹದಿನಾಲ್ಕು ತಿಂಗಳಿಂದ ವಾರಕ್ಕೆ ಐದು ರಾತ್ರಿಯಾದರೂ ವಿಜ್ಞಾನ ಪಾರ್ಕಿನ ಹತ್ತಿರದ ಒಂದು ಸಾಮಾನ್ಯ ಮಾಂಸಾಹಾರಿ ನೂಡಲ್ಸ್ ಅಂಗಡಿಯಲ್ಲೇ ನನ್ನ ಊಟ ನಡೆಯುತ್ತಿದೆ. ಇದು ಸಾಧ್ಯವೇ ಇಲ್ಲ ಎಂದಿದ್ದ ಮೂವರಲ್ಲಿ ಇಬ್ಬರು ಈಗ ನಾನು ಬೇಡವಾದುದನ್ನು ಬರೆದು ಅಂಗಡಿಗೆ ಕೊಡುವ ಚೀಟಿಯನ್ನೇ ನಕಲು ಮಾಡಿಕೊಂಡಿರುವುದರಿಂದ ಇದನ್ನು ಧೈರ್ಯವಾಗಿ ಬರೆಯುತ್ತಿದ್ದೇನೆ.

ಬೇಕಾದ ತಿನಿಸುಗಳಿಗೆ ನಾವೇ ಗುರುತು ಹಾಕಿ ಕೊಡುವ ಪಟ್ಟಿಯ ಕಾಗದ, ಫ್ರಿಜ್ಜಿನಿಂದ ನಾವೇ ತೆಗೆದುಕೊಳ್ಳುವ ಸಣ್ಣ ತಟ್ಟೆಗಳು, ಇವೆಲ್ಲ ಇಲ್ಲಿರುವವರಿಗೆ ಗೊತ್ತೇ ಇದೆ. ನಾನು ಸೋತದ್ದು ಮಾತಿನಲ್ಲಿ. ಮೊದಲ ಎರಡು ತಿಂಗಳು ಎಲ್ಲರೂ ಕಲಿಸುವ ‘ವೋ ಚಿ ಸು’, ಅಂದರೆ ‘ನಾನು ಸಸ್ಯಾಹಾರಿ’ ಎಂಬ ವಾಕ್ಯವನ್ನೇ ಹೇಳಿ, ನಾಲ್ಕಾರು ಅಂಗಡಿಗಳಿಂದ ಹಸಿದುಕೊಂಡೇ ಹೊರಬಂದೆ. ಇಲ್ಲಿ ‘ಸು’ ಎಂದರೆ ಬಹಳ ಜನರಿಗೆ ಬೌದ್ಧ ವ್ರತದ ಊಟವೆಂದೇ ಅರ್ಥ. ಮಾಂಸದ ಜೊತೆಗೆ ಈರುಳ್ಳಿ ಬೆಳ್ಳುಳ್ಳಿಯೂ ಅದರಲ್ಲಿ ನಿಷಿದ್ಧವಾಗಿರುವುದರಿಂದ, ಪ್ರಾಮಾಣಿಕರಾದ ಅಂಗಡಿಯವರು ‘ಮೇಯೋ’, ಇಲ್ಲ, ಎಂದು ಕೈಯಾಡಿಸಿಬಿಡುತ್ತಾರೆ. ಭಾರತೀಯ ಹೋಟೆಲಿನಲ್ಲಿ ಊಟವೊಂದಕ್ಕೆ ಮುನ್ನೂರು ತೈವಾನ್ ಡಾಲರ್ ಕೊಡುತ್ತ ಆ ಎರಡು ತಿಂಗಳು ಕಳೆದೆ. ತಿಂಗಳಿಗೆ ಹದಿಮೂರು ಹದಿನಾಲ್ಕು ಸಾವಿರದವರೆಗೆ ಹೋಗಿರಬೇಕು. ಈಗ ಆರೂವರೆ ಸಾವಿರ ದಾಟುವುದು ಅಪರೂಪ.

ದಾರಿ ತೆರೆದದ್ದು ಒಬ್ಬ ಸಹೋದ್ಯೋಗಿ ‘ಗುವೋಬ್ಯೆನ್‌ಸು’ ಎಂಬ ಪದ ಹೇಳಿದ ದಿನ. ಮಾಂಸ ಬೆಂದ ಪಾತ್ರೆಯ ಬದಿಯ ತರಕಾರಿಯನ್ನು ತಿನ್ನುವವರು ಎಂದು ಅದರ ಅರ್ಥ. ಅಂಥವರು ತೈವಾನಿನಲ್ಲೇ ಸಾಕಷ್ಟಿದ್ದಾರೆ. ನೂಡಲ್ಸ್ ಬೇಯಿಸುವ ನೀರು ಎಲ್ಲರಿಗೂ ಒಂದೇ ಆಗಿದ್ದರೆ ನನಗೆ ಅಡ್ಡಿಯಿಲ್ಲ. ಅಡ್ಡಿಯಿರುವವರು ಸ್ವಸ್ತಿಕದ ಗುರುತಿರುವ, ಬೌದ್ಧ ಸಸ್ಯಾಹಾರವನ್ನಷ್ಟೇ ಮಾಡುವ ಅಂಗಡಿಗೇ ಹೋಗುವುದು ಒಳ್ಳೆಯದು, ನನ್ನ ಕ್ರಮ ಅವರಿಗೆ ಹೊಂದುವುದಿಲ್ಲ. ಅಂದಿನಿಂದ ನಾನು ಸಸ್ಯಾಹಾರಿ ಎಂದು ಹೇಳುವುದನ್ನೇ ಬಿಟ್ಟು, ಬಟ್ಟಲಿಗೆ ಏನೇನು ಬೀಳಬಾರದು ಎಂಬುದನ್ನು ಮಾತ್ರ ಹೇಳತೊಡಗಿದೆ: ಹಂದಿಯ ಕೊಚ್ಚಿದ ಮಾಂಸದ ಗೊಜ್ಜಾದ ರೋಜಾವ್ ಬೇಡ, ಹಂದಿಯ ಕೊಬ್ಬು ಬೇಡ, ಕೆಂಪಗೆ ಕರಿದ ಸಣ್ಣ ಈರುಳ್ಳಿ ಬೇಡ, ಒಣಮೀನಿನ ಹೆರೆ ಬೇಡ. ಈರುಳ್ಳಿ ತಿನ್ನುವ ನಾನು ಆ ಕರಿದ ಈರುಳ್ಳಿಯನ್ನು ಬಿಡುವುದು ಏಕೆಂದರೆ ಅದನ್ನು ಹೆಚ್ಚಾಗಿ ಕರಿಯುವುದು ಹಂದಿಯ ಕೊಬ್ಬಿನಲ್ಲೇ. ಇದು ತಿಳಿಯಲು ನನಗೆ ಐದು ತಿಂಗಳು ಬೇಕಾಯಿತು.

ಇಷ್ಟಾದರೂ ಒಂದು ರಾತ್ರಿ ಗೆಣಸಿನ ಸೊಪ್ಪಿನ ಮೇಲೆ ಒಂದು ಚಮಚ ರೋಜಾವ್ ಮಿನುಗುತ್ತ ಬಂತು. ತಪ್ಪು ನನ್ನದೇ. ನಾನು ನೂಡಲ್ಸಿಗೆ ಮಾತ್ರ ಬೇಡವೆಂದಿದ್ದೆ, ಅದನ್ನೂ ಹಣ ತೆಗೆದುಕೊಳ್ಳುವ ಹುಡುಗಿಗೆ ಬಾಯಲ್ಲಿ ಹೇಳಿದ್ದೆ, ಆದರೆ ಒಲೆಯ ಮುಂದೆ ನಿಂತವರು ನೋಡುವುದು ತಮ್ಮ ತಲೆಗಿಂತ ಮೇಲೆ ಸಿಕ್ಕಿಸಿದ ಆ ಪಟ್ಟಿಯ ಕಾಗದವನ್ನಷ್ಟೇ. ಈಗ ಪ್ರತಿಯೊಂದು ತಿನಿಸಿನ ಗುರುತಿನ ಪಕ್ಕದಲ್ಲೂ ಬೇಡವಾದುದನ್ನು ಚೀನೀ ಅಕ್ಷರಗಳಲ್ಲಿ ನಾನೇ ಬರೆಯುತ್ತೇನೆ. ಅಕ್ಷರ ವಕ್ರವಾಗಿದ್ದರೂ ನಡೆಯುತ್ತದೆ. ಹಾಗೆ ಬರೆಯತೊಡಗಿದ ಮೇಲೆ ಬಟ್ಟಲು ತಪ್ಪಿ ಬಂದದ್ದು ಎರಡೇ ಸಲ.

ನಾನು ತರಿಸುವುದು ಎಳ್ಳಿನ ಪೇಸ್ಟ್ ಕಲಸಿದ ಒಣ ನೂಡಲ್ಸ್, ಒಂದು ತಟ್ಟೆ ಸೊಪ್ಪು, ತಣ್ಣನೆಯ ತೋಫು. ಎಲ್ಲ ಸೇರಿ ನೂರಮೂವತ್ತರ ಆಸುಪಾಸು. ಸೋಯಾ ಸಾರಿನಲ್ಲಿ ಕುದಿಸಿದ ಮೊಟ್ಟೆ, ಕಡಲಪಾಚಿ, ಒತ್ತಿದ ತೋಫುಗಳನ್ನು ಮುಟ್ಟುವುದಿಲ್ಲ, ಮಾಂಸವೂ ಅದೇ ಸಾರಿನಲ್ಲಿ ಬೆಂದಿರುತ್ತದೆ. ಮೇಜಿನ ಮೇಲಿನ ಕಪ್ಪು ವಿನೆಗರ್ ಮತ್ತು ಖಾರದೆಣ್ಣೆಯನ್ನು ಯಾವ ಹೊತ್ತಿಗೆ, ಎಷ್ಟು ಸೇರಿಸಿದರೆ ಈ ನೂಡಲ್ಸ್ ನಮ್ಮ ನಾಲಿಗೆಗೆ ಒಗ್ಗುತ್ತದೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದಕ್ಕಾಗಿ ನಲವತ್ತು ಬಟ್ಟಲಾದರೂ ಕೆಡಿಸಿದ್ದೇನೆ.

ಹೊತ್ತೂ ಮುಖ್ಯ. ನಮ್ಮ ಅಭ್ಯಾಸದಂತೆ ಎಂಟೂವರೆಗೆ ಹೋದರೆ ಒಲೆ ಆರಿಸಿ ನೆಲ ಒರೆಸುತ್ತಿರುತ್ತಾರೆ. ಆರು ಗಂಟೆಗೆ ಹೋದರೆ ನೂಕುನುಗ್ಗಲು, ಕೈಬರಹ ಓದುವ ವ್ಯವಧಾನ ಯಾರಿಗೂ ಇರುವುದಿಲ್ಲ. ಐದಕ್ಕೆ ಬಾಗಿಲು ತೆರೆದ ಕೂಡಲೇ, ಇಲ್ಲವೇ ಏಳೂಕಾಲಿಗೆ, ಇವೆರಡೇ ನನಗೆ ಸರಿಬಂದ ಹೊತ್ತುಗಳು.

ನಡುವೆ ಒಂದು ಪ್ರಯೋಗವನ್ನೂ ಮಾಡಿದೆ. ಭಾನುವಾರಗಳಂದು ಸ್ವಸ್ತಿಕದ ಗುರುತಿನ ಅಂಗಡಿಯೊಂದಕ್ಕೆ ಹೋಗುತ್ತೇನೆ. ಅಲ್ಲಿ ತರಕಾರಿಯ ತಟ್ಟೆಯನ್ನು ತೂಗಿ ಬೆಲೆ ಹೇಳುತ್ತಾರೆ, ಚಾಂದ್ರಮಾನದ ಮೊದಲ ದಿನ ಮತ್ತು ಹದಿನೈದನೆಯ ದಿನ ಕೂರಲು ಜಾಗ ಸಿಗುವುದಿಲ್ಲ. ಊಟ ಸಪ್ಪೆಯೆನಿಸಿ, ಒಮ್ಮೆ ಊರಿನಿಂದ ತಂದ ಇಂಗಿನ ಡಬ್ಬಿಯನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಬಿಸಿ ತೋಫುವಿನ ಮೇಲೆ ಒಂದು ಚಿಟಿಕೆ ಉದುರಿಸಿದೆ. ವಾಸನೆ ಹಿಡಿದು ಬಂದ ಯಜಮಾನಿ ‘ಲಾವೋಬಾನ್‌ನ್ಯಾಂಗ್’ಗೆ ಫೋನಿನಲ್ಲಿ ಅದರ ಚೀನೀ ಹೆಸರನ್ನು ತೋರಿಸಿದೆ: ಶಿಂಗ್‌ಚ್ಯು. ಅವರು ಆ ಎರಡು ಅಕ್ಷರಗಳನ್ನು ಗಟ್ಟಿಯಾಗಿ ಓದಿ, ಡಬ್ಬಿಯನ್ನು ಮೂಗಿನ ಹತ್ತಿರ ಹಿಡಿದು, ಒಳಗಿದ್ದ ಗಂಡನನ್ನು ಕೂಗಿ ಕರೆದರು. ಬೌದ್ಧರು ವರ್ಜಿಸುವ ಐದು ಘಾಟಿನ ಪದಾರ್ಥಗಳ ಪಟ್ಟಿಯಲ್ಲಿ ಬೆಳ್ಳುಳ್ಳಿ, ಈರುಳ್ಳಿಯ ಜಾತಿಗಳ ಜೊತೆಗೆ ಇಂಗೂ ಇದೆ. ಆದರೆ ಅದು ಇಲ್ಲಿಯ ಅಡುಗೆಯಲ್ಲಿ ಬಳಕೆಯಲ್ಲೇ ಇಲ್ಲದ ವಸ್ತುವಾದ್ದರಿಂದ, ಅಷ್ಟು ವರ್ಷ ಪಾಲಿಸಿದ ನಿಯಮದ ಆ ಒಂದು ಹೆಸರನ್ನು ಅವರು ಮೂಸಿ ನೋಡಿದ್ದು ಅದೇ ಮೊದಲು. ಈರುಳ್ಳಿ ಬೆಳ್ಳುಳ್ಳಿ ಹಾಕದ ನನ್ನ ಅಜ್ಜಿಯ ಮಡಿ ಅಡುಗೆಯಲ್ಲಿ ಸಾರಿಗೆ ಜೀವ ಕೊಡುತ್ತಿದ್ದುದೇ ಇಂಗು. ಇಲ್ಲಿ ಅದೂ ಮೈಲಿಗೆ. ಡಬ್ಬಿಯ ಮುಚ್ಚಳ ಹಾಕಿ ಕ್ಷಮೆ ಕೇಳಿದೆ. ಅವರು ಆ ತಟ್ಟೆಯನ್ನು ಬೇರೆಯಾಗಿ ತೊಳೆದರು, ಮುಂದಿನ ವಾರವೂ ನಗುತ್ತಲೇ ಊಟ ಕೊಟ್ಟರು.

ಇನ್ನೂ ಬಗೆಹರಿಯದೆ ಉಳಿದಿರುವುದು ಶಿಂಚುವಿನ ಹೆಸರುವಾಸಿಯಾದ, ಇಲ್ಲಿಯ ಗಾಳಿಯಲ್ಲಿ ಒಣಗಿಸುವ ಅಕ್ಕಿ ಶಾವಿಗೆ. ನಮ್ಮ ಒತ್ತುಶಾವಿಗೆ ತಿಂದು ಬೆಳೆದವನಿಗೆ ಅದನ್ನು ಬಿಟ್ಟಿರುವುದು ಕಷ್ಟ, ಆದರೆ ಹಂದಿಮಾಂಸದ ಎಳೆ ಮತ್ತು ಒಣ ಸಿಗಡಿ ಹಾಕಿ ಬೆಳಿಗ್ಗೆಯೇ ದೊಡ್ಡ ಬಾಣಲೆಯಲ್ಲಿ ಹುರಿದಿಟ್ಟಿರುವುದರಿಂದ ಏನನ್ನೂ ಬೇಡವೆನ್ನಲು ಬರುವುದಿಲ್ಲ. ಹುರಿಯುವ ಮೊದಲೇ ಒಂದು ಹಿಡಿ ತೆಗೆದಿಡುವಂತೆ ಹಿಂದಿನ ರಾತ್ರಿಯೇ ಕಾಗದದಲ್ಲಿ ಬರೆದು ಕೊಟ್ಟು ಬಂದಿದ್ದೇನೆ.