ಹಿಮದಲ್ಲಿ ಹೂತ ಪೈಪು, ನಿಂತುಹೋದ ಫರ್ನೇಸು

2022ರ ನವೆಂಬರಿನಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬಫಲೋ ನಗರದ ದಕ್ಷಿಣಕ್ಕಿರುವ ನಮ್ಮ ಊರು ಆರ್ಚರ್ಡ್ ಪಾರ್ಕಿನಲ್ಲಿ ನಾಲ್ಕು ದಿನಕ್ಕೆ ಸುಮಾರು 80 ಇಂಚು ಹಿಮ ಬಿತ್ತು. ಈರಿ ಸರೋವರದ ನೀರು ಇನ್ನೂ ಬೆಚ್ಚಗಿರುವಾಗ ಮೇಲೆ ಕೊರೆಯುವ ಗಾಳಿ ಬೀಸಿದರೆ ಹೀಗೇ, ಹಿಮ ತರುವ ಮೋಡದ ಪಟ್ಟಿ ಒಂದೇ ಕಡೆ ನಿಂತು ಸುರಿಯುತ್ತದೆ.

ಎರಡನೇ ರಾತ್ರಿ ಮನೆ ಬೆಚ್ಚಗಿಡುವ ಗ್ಯಾಸ್ ಫರ್ನೇಸ್ ನಿಂತಿತು. ಕರೆಂಟ್ ಇತ್ತು, ಗ್ಯಾಸ್ ಇತ್ತು. ಫಿಲ್ಟರ್ ಬದಲಿಸಿದೆ, ಎರಡು ನಿಮಿಷ ಉರಿದು ಮತ್ತೆ ಆಫ್. ಮಕ್ಕಳಿಗೆ ಸ್ವೆಟರಿನ ಮೇಲೆ ಸ್ವೆಟರು ಹಾಕಿ, ಪಕ್ಕದ ಮನೆಯ ಹಿರಿಯರಿಗೆ ಫೋನ್ ಮಾಡಿದೆ. ಅವರು ಕೇಳಿದ್ದು ಒಂದೇ: "ಗೋಡೆಯಾಚೆಯ ಬಿಳಿ ಪೈಪು ಕಾಣ್ತಿದೆಯಾ?"

ನಮ್ಮಂಥ ಹೊಸ ಫರ್ನೇಸಿಗೆ ಚಿಮಣಿ ಇಲ್ಲ. ಗೋಡೆಯಿಂದ ಹೊರಬರುವ ಪಿವಿಸಿ ಪೈಪುಗಳಲ್ಲೇ ಗಾಳಿ ಒಳಗೆ, ಹೊಗೆ ಹೊರಗೆ. ಅವು ಮುಚ್ಚಿಕೊಂಡರೆ ಒತ್ತಡದ ಸ್ವಿಚ್ಚು ಬೆಂಕಿ ಆರಿಸುತ್ತದೆ. ಆರದಿದ್ದರೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಮನೆಯೊಳಗೇ ತುಂಬಬಹುದು. ಅದಕ್ಕೆ ವಾಸನೆಯೂ ಇಲ್ಲ. ನೆನೆದರೆ ಈಗಲೂ ಎದೆ ನಡುಗುತ್ತದೆ.

ಬಾಗಿಲು ತೆಗೆದರೆ ಎದೆಯೆತ್ತರದ ಹಿಮ. ಪಕ್ಕದ ಮನೆಯ ಹಿರಿಯರು ಆ ಕಡೆಯಿಂದ ಹಿಮ ಎತ್ತಿ ಎಸೆಯುವ ಯಂತ್ರ, ಸ್ನೋಬ್ಲೋವರ್ ತಂದರು, ನಾನು ಈ ಕಡೆಯಿಂದ ಸಲಿಕೆ ಹಿಡಿದೆ, ಎದುರು ಮನೆಯ ದಂಪತಿ ಟಾರ್ಚ್ ಹಿಡಿದು ಬಂದರು. ಮುಕ್ಕಾಲು ಗಂಟೆ ಬೇಕಾಯಿತು. ಪೈಪಿನ ಹತ್ತಿರ ಮಾತ್ರ ಕೈಯಲ್ಲೇ ಬಿಡಿಸಿದೆವು, ಚಳಿಗೆ ಪೆಡಸಾದ ಪಿವಿಸಿ ಸಲಿಕೆ ತಾಗಿದರೆ ಒಡೆಯುತ್ತದೆ. ಫರ್ನೇಸ್ ಆಫ್ ಮಾಡಿ ಆನ್ ಮಾಡಿದೆ, ಹತ್ತಿತು.

ಬಿರುಗಾಳಿ ನಿಲ್ಲುವವರೆಗೆ ನಾಲ್ಕು ಮನೆಯವರು ಪಾಳಿ ಹಾಕಿಕೊಂಡೆವು: ಮೂರು ಗಂಟೆಗೊಮ್ಮೆ ಒಬ್ಬರು ಎಲ್ಲರ ಪೈಪೂ ನೋಡಿಬರುವುದು. ಈಗ ಪ್ರತಿ ಅಕ್ಟೋಬರಿನಲ್ಲಿ ಹಿಮದಲ್ಲೂ ಜಾಗ ಗೊತ್ತಾಗಲೆಂದು ಪೈಪಿನ ಪಕ್ಕ ಎತ್ತರದ ಕಿತ್ತಳೆ ಬಣ್ಣದ ಕೋಲು ನೆಡುತ್ತೇನೆ.