ಉಪ್ಪಿನ ಡಬ್ಬಿ, ಬಿಪಿ ಯಂತ್ರ ಮತ್ತು ನನ್ನ ಲೋ ಕಾರ್ಬ್ ಊಟ

ಲೋ ಕಾರ್ಬ್, ಅಂದರೆ ಅನ್ನ, ಚಪಾತಿ, ಸಕ್ಕರೆಯಂಥ ಕಾರ್ಬೋಹೈಡ್ರೇಟ್ ಕಡಿಮೆ ಮಾಡಿದ ಊಟ, ಶುರು ಮಾಡಿದ ಐದನೇ ದಿನ. ಬೆಳಗ್ಗೆ ಬಗ್ಗಿ ಶೂ ಲೇಸ್ ಕಟ್ಟಿ ಎದ್ದೆ. ಕಣ್ಣು ಕತ್ತಲೆ ಬಂತು. ಗೋಡೆ ಹಿಡಿದುಕೊಂಡು ಹತ್ತು ಸೆಕೆಂಡು ಹಾಗೇ ನಿಂತೆ, ಸರಿಹೋಯಿತು. ಆದರೂ ಹೊರಗೆ ಹೊರಡಲು ಧೈರ್ಯ ಬರಲಿಲ್ಲ. ವಾಪಸ್ ಕೂತು ಬಿಪಿ ಯಂತ್ರ ತೆಗೆದೆ. ಕೂತಾಗ 108/70. ಎದ್ದು ನಿಂತು ಒಂದು ನಿಮಿಷ ಬಿಟ್ಟು ನೋಡಿದರೆ 86/58.

ನನಗಿರುವುದು ಬಿಪಿ ಜಾಸ್ತಿ ಇರುವ ತೊಂದರೆ. ಆರು ವರ್ಷದಿಂದ ಮಾತ್ರೆ. ಮಾತ್ರೆ ತಗೊಂಡೂ 134, 136ರ ಆಸುಪಾಸಿನಲ್ಲೇ ಕೂತಿದ್ದ ಬಿಪಿ ಐದೇ ದಿನದಲ್ಲಿ ಇಷ್ಟು ಇಳಿದಿದೆ. ನಿಜ ಹೇಳಬೇಕೆಂದರೆ ಆವತ್ತು ಹೆದರಿಕೆಗಿಂತ ಖುಷಿಯೇ ಜಾಸ್ತಿ ಆಗಿತ್ತು. ದಡ್ಡತನ. ಎದ್ದು ನಿಂತ ಮೂರು ನಿಮಿಷದೊಳಗೆ ಮೇಲಿನ ಬಿಪಿ 20 ಅಥವಾ ಕೆಳಗಿನದು 10 ಇಳಿದರೆ ಡಾಕ್ಟರುಗಳು ಅದನ್ನೇ ಒಂದು ತೊಂದರೆ ಅಂತ ಎಣಿಸುತ್ತಾರೆ. ನನ್ನದು 22 ಮತ್ತು 12 ಇಳಿದಿತ್ತು.

ಆಮೇಲೆ ಮಾಡಿದ್ದು ಎಲ್ಲರೂ ಮಾಡುವುದೇ. ಮೊಬೈಲ್ ತೆಗೆದು ಹುಡುಕಿದೆ. ಲೋ ಕಾರ್ಬ್ ಮಾಡುವವರು ದಿನಕ್ಕೆ 4ರಿಂದ 5 ಗ್ರಾಂ ಸೋಡಿಯಂ ತಗೋಬೇಕು, ತಲೆಸುತ್ತು, ತಲೆನೋವು, ಸುಸ್ತು ಎಲ್ಲಕ್ಕೂ ಉಪ್ಪೇ ಮದ್ದು ಅಂತ ಬರೆದಿತ್ತು. ಅರ್ಧ ಚಮಚ ಉಪ್ಪನ್ನು ಒಂದು ಲೋಟ ಬಿಸಿನೀರಿಗೆ ಕಲಸಿ ಕುಡಿದೆ. ಅರ್ಧ ಗಂಟೆಯಲ್ಲಿ ತಲೆ ಹಗುರಾಯಿತು. ಅಲ್ಲಿಗೆ ನನಗೆ ನಂಬಿಕೆ ಬಂದುಬಿಟ್ಟಿತು. ದಿನಾ ಎರಡು ಲೋಟ ಶುರುವಾಯಿತು.

ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಕಾರ್ಬ್ ಕಡಿಮೆ ಮಾಡಿದರೆ ರಕ್ತದಲ್ಲಿ ಇನ್ಸುಲಿನ್ ಇಳಿಯುತ್ತದೆ. ಇನ್ಸುಲಿನ್ ಅಂದರೆ ಸಕ್ಕರೆ ಕಾಯಿಲೆಯ ವಿಷಯ ಅಂತಷ್ಟೇ ನಾನು ತಿಳಿದಿದ್ದೆ. ಅದು ಕಿಡ್ನಿಗೆ 'ಉಪ್ಪನ್ನು ಹಿಡಿದಿಟ್ಟುಕೋ' ಅಂತಲೂ ಹೇಳುತ್ತದೆ. ಆ ಮಾತು ನಿಂತರೆ ಕಿಡ್ನಿ ಸೋಡಿಯಂ ಅನ್ನು ಮೂತ್ರದಲ್ಲಿ ಹೊರಗೆ ಬಿಡುತ್ತದೆ, ಜೊತೆಗೆ ನೀರೂ ಹೋಗುತ್ತದೆ. ಇನ್ನೊಂದು ಕಡೆ ಲಿವರ್ ಮತ್ತು ಮಾಂಸಖಂಡಗಳಲ್ಲಿ ಕೂಡಿಟ್ಟ ಗ್ಲೈಕೋಜನ್, ಅಂದರೆ ಸಕ್ಕರೆಯ ದಾಸ್ತಾನು, ಕರಗುತ್ತದೆ. ಒಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು ಮೂರು ಗ್ರಾಂ ನೀರು ಇರುತ್ತದೆ, ಅದೂ ಹೊರಗೆ. ಮೊದಲ ವಾರದಲ್ಲಿ ನಾನು 2.8 ಕೆಜಿ ಇಳಿದಿದ್ದೆ. ಕೊಬ್ಬು ಕರಗಿತು ಅಂತ ಬೀಗಿದ್ದೇ ಬೀಗಿದ್ದು. ಅದರಲ್ಲಿ ಬಹುಪಾಲು ನೀರೇ. ರಾತ್ರಿ ಮೂರು ಸಲ ಎದ್ದು ಬಾತ್‌ರೂಮಿಗೆ ಹೋಗುತ್ತಿದ್ದಾಗಲೇ ಗೊತ್ತಾಗಬೇಕಿತ್ತು.

ನಾನು ಮರೆತದ್ದು ನನ್ನ ಮಾತ್ರೆಯನ್ನು. ಅದು ಎರಡು ಔಷಧಿ ಸೇರಿಸಿ ಮಾಡಿದ್ದು. ಟೆಲ್ಮಿಸಾರ್ಟಾನ್ 40 ಮಿಲಿಗ್ರಾಂ, ಹೈಡ್ರೋಕ್ಲೋರೋಥಯಾಜೈಡ್ 12.5 ಮಿಲಿಗ್ರಾಂ. ಈ ಎರಡನೆಯದರ ಕೆಲಸವೇ ಕಿಡ್ನಿ ಮೂಲಕ ಉಪ್ಪು, ನೀರನ್ನು ಹೊರಗೆ ಕಳಿಸುವುದು. ಅಂದರೆ ಊಟ ಒಂದು ಕಡೆಯಿಂದ ಉಪ್ಪು ಖಾಲಿ ಮಾಡುತ್ತಿತ್ತು, ಮಾತ್ರೆ ಇನ್ನೊಂದು ಕಡೆಯಿಂದ. ಮಧ್ಯೆ ನಾನು ಲೋಟಗಟ್ಟಲೆ ತುಂಬುತ್ತಿದ್ದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ.

ಎರಡನೇ ವಾರ ಡಾಕ್ಟರ ಹತ್ತಿರ ಹೋದೆ. ಎಲ್ಲ ಕೇಳಿಸಿಕೊಂಡು ಅವರು ಪೆನ್ನು ಕೆಳಗಿಟ್ಟರು. "ಉಪ್ಪು ಹೊರಗೆ ಹೋಗಲಿ ಅಂತ ನಾನು ಮಾತ್ರೆ ಕೊಟ್ಟಿದ್ದೀನಿ. ನೀವು ಉಪ್ಪು ಕಲಸಿ ಕುಡೀತಿದ್ದೀರಾ? ಊಟ ಬದಲಾಯಿಸ್ತೀನಿ ಅಂತ ಮೊದಲೇ ಒಂದು ಮಾತು ಹೇಳೋದಲ್ವಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ರಕ್ತ ಪರೀಕ್ಷೆ ಮಾಡಿಸಿದರು. ಸೋಡಿಯಂ 133 ಬಂತು. ಇರಬೇಕಾದ್ದು 135ರಿಂದ 145. ಬರೀ ನೀರು ಜಾಸ್ತಿ ಕುಡಿಯುತ್ತಿದ್ದುದೂ ಅದಕ್ಕೆ ಕೈ ಜೋಡಿಸಿತ್ತು. ಹೈಡ್ರೋಕ್ಲೋರೋಥಯಾಜೈಡ್ ಬಿಡಿಸಿ, ಟೆಲ್ಮಿಸಾರ್ಟಾನ್ ಒಂದನ್ನೇ ಮುಂದುವರಿಸಿದರು. ನಾಲ್ಕೇ ದಿನದಲ್ಲಿ ತಲೆಸುತ್ತು ನಿಂತಿತು. ಉಪ್ಪುನೀರಿನ ಲೋಟಕ್ಕೆ ನಾನು ಕೊಟ್ಟ ಶ್ರೇಯಸ್ಸು ಅರ್ಧ ಸುಳ್ಳು ಅಂತ ಆಗ ಗೊತ್ತಾಯಿತು.

ಇದನ್ನು ಓದುವವರಲ್ಲಿ ಬಿಪಿ ಮಾತ್ರೆ ತಗೊಳ್ಳುವವರು ಇದ್ದರೆ ಒಂದು ಮಾತು. ಲೋ ಕಾರ್ಬ್ ಶುರು ಮಾಡುವ ಮೊದಲು ಮಾತ್ರೆಯ ವಿಷಯ ಡಾಕ್ಟರ ಹತ್ತಿರ ಮಾತಾಡಿ, ಶುರು ಮಾಡಿದ ಮೇಲಲ್ಲ. ನೀವೇ ನಿಲ್ಲಿಸಲೂ ಬೇಡಿ. ಇನ್ಸುಲಿನ್ ಚುಚ್ಚಿಕೊಳ್ಳುವವರು, ಸಕ್ಕರೆ ಕಾಯಿಲೆಗೆ ಎಂಪಾಗ್ಲಿಫ್ಲೋಜಿನ್, ಡಪಾಗ್ಲಿಫ್ಲೋಜಿನ್ ಥರದ ಮಾತ್ರೆ ನುಂಗುವವರಿಗಂತೂ ಇದು ಇನ್ನೂ ಗಂಭೀರ. ಕಿಡ್ನಿ ಅಥವಾ ಹೃದಯ ಸೋತವರಿಗೆ ನನ್ನ ಉಪ್ಪಿನ ಲೆಕ್ಕ ಯಾವುದೂ ಅನ್ವಯಿಸುವುದಿಲ್ಲ.

ಈಗ ಲೆಕ್ಕದ ವಿಷಯ. ಉಪ್ಪು ಬೇರೆ, ಸೋಡಿಯಂ ಬೇರೆ ಅನ್ನುವುದು ನನಗೆ ನೆಟ್ಟಗೆ ತಲೆಗೆ ಹೋಗಿದ್ದೇ ಇಲ್ಲ. ಉಪ್ಪಿನ ತೂಕದಲ್ಲಿ ನೂರಕ್ಕೆ ಸುಮಾರು 40 ಭಾಗ ಮಾತ್ರ ಸೋಡಿಯಂ, ಮಿಕ್ಕದ್ದು ಕ್ಲೋರೈಡ್. ಸೋಡಿಯಂ ಅನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ದಿನಕ್ಕೆ 2 ಗ್ರಾಂಗಿಂತ ಕಡಿಮೆ ಸೋಡಿಯಂ, ಅಂದರೆ 5 ಗ್ರಾಂಗಿಂತ ಕಡಿಮೆ ಉಪ್ಪು. ಲೋ ಕಾರ್ಬ್‌ನವರು ಹೇಳುವ 5 ಗ್ರಾಂ ಸೋಡಿಯಂ ಅಂದರೆ ಹನ್ನೆರಡೂವರೆ ಗ್ರಾಂ ಉಪ್ಪು. ಎರಡೂ ಕಡೆ '5 ಗ್ರಾಂ' ಅಂತಲೇ ಕಾಣುವುದರಿಂದ ಎಷ್ಟು ಜನ ಎಡವಿದ್ದಾರೋ!

ಅಡುಗೆಮನೆಯ ಡಿಜಿಟಲ್ ತಕ್ಕಡಿ ತಂದು ಚಮಚ ತೂಗಿದೆ. ಪುಡಿ ಉಪ್ಪು ಚಾಕುವಿನಿಂದ ಸವರಿದ ಒಂದು ಟೀ ಚಮಚ 6 ಗ್ರಾಂ. ಅದೇ ಚಮಚ ನಾನು ಮಾಮೂಲಾಗಿ ತೆಗೆಯುವ ಹಾಗೆ ಗೋಪುರ ಮಾಡಿ ತೆಗೆದರೆ 9 ಗ್ರಾಂ. ನನ್ನ 'ಅರ್ಧ ಚಮಚ' ನಾಲ್ಕೂವರೆ ಗ್ರಾಂ ಆಗಿತ್ತು! ಹರಳುಪ್ಪು ತೂಗಿದರೆ ಮತ್ತೊಂದು ಲೆಕ್ಕ, ಹರಳುಗಳ ನಡುವೆ ಗಾಳಿ ಇರುತ್ತದಲ್ಲ. ಅಂದಿನಿಂದ ಚಮಚದ ಲೆಕ್ಕ ಬಿಟ್ಟೆ.

ಬದಲಿಗೆ ಒಂದು ಪುಟ್ಟ ಡಬ್ಬಿ ಇಟ್ಟುಕೊಂಡೆ. ಬೆಳಗ್ಗೆ ಅದಕ್ಕೆ 10 ಗ್ರಾಂ ಉಪ್ಪು ತೂಗಿ ಹಾಕುವುದು. ಇಡೀ ದಿನ ನನ್ನ ಪಾಲಿನ ಅಡುಗೆಗೆ, ಮೇಲೆ ಉದುರಿಸಿಕೊಳ್ಳುವುದಕ್ಕೆ ಎಲ್ಲಕ್ಕೂ ಅದರಿಂದಲೇ ಚಿಟಿಕೆ. ರಾತ್ರಿ ಮಿಕ್ಕದ್ದನ್ನು ತೂಗಿ, ಖರ್ಚಾದದ್ದನ್ನು ಡೈರಿಯಲ್ಲಿ ಬರೆಯುವುದು. ಪಕ್ಕದಲ್ಲೇ ಬಿಪಿ.

ಬಿಪಿ ನೋಡುವುದಕ್ಕೂ ಶಿಸ್ತು ಬೇಕಾಯಿತು. ಮೊದಲೆಲ್ಲ ಮೆಟ್ಟಿಲು ಹತ್ತಿ ಬಂದವನೇ ಪಟ್ಟಿ ಸುತ್ತಿಕೊಳ್ಳುತ್ತಿದ್ದೆ. ಈಗ ಬೆಳಗ್ಗೆ ಮಾತ್ರೆ, ಕಾಫಿಗೆ ಮುಂಚೆ, ಮೂತ್ರ ಮಾಡಿ ಬಂದು, ಬೆನ್ನು ಆನಿಸಿ, ಕಾಲು ನೆಲಕ್ಕೂರಿ ಐದು ನಿಮಿಷ ಸುಮ್ನೆ ಕೂರುತ್ತೇನೆ. ತೋಳು ಎದೆಯ ಮಟ್ಟದಲ್ಲಿ ಮೇಜಿನ ಮೇಲೆ. ಒಂದು ನಿಮಿಷದ ಅಂತರದಲ್ಲಿ ಎರಡು ಸಲ. ಆಮೇಲೆ ಎದ್ದು ನಿಂತು ಒಂದನೇ ನಿಮಿಷಕ್ಕೆ, ಮೂರನೇ ನಿಮಿಷಕ್ಕೆ ಮತ್ತೆ. ಈ ನಿಂತು ನೋಡುವ ಅಂಕಿಯನ್ನು ಯಾರೂ ಬರೆದಿಡುವುದಿಲ್ಲ. ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಅದೇ. ಉಪ್ಪು ಕಡಿಮೆಯಾದರೆ ಮೊದಲು ಹೇಳುವುದು ಅದು. ಉಪ್ಪು ಜಾಸ್ತಿಯಾದರೆ ಕೂತ ಅಂಕಿ ಹೇಳುತ್ತದೆ, ಆದರೆ ನಿಧಾನವಾಗಿ.

ಎಷ್ಟು ನಿಧಾನ ಅಂದರೆ ನನಗೆ ಮೂರು ತಿಂಗಳು ಗೊತ್ತೇ ಆಗಲಿಲ್ಲ. ಮೊದಲ ತಿಂಗಳು 118ರಿಂದ 122. ಎರಡನೇ ತಿಂಗಳು 126. ಮೂರನೇ ತಿಂಗಳ ಕೊನೆಗೆ 136/86. ಸಾಕ್ಸ್ ಬಿಚ್ಚಿದರೆ ಕಾಲಿನ ಮೇಲೆ ಎಲಾಸ್ಟಿಕ್ಕಿನ ಗೆರೆ. ನಿದ್ದೆ ಸರಿಯಿಲ್ಲ, ಕೆಲಸದ ಒತ್ತಡ ಅಂತೆಲ್ಲ ಕಾರಣ ಹುಡುಕಿದೆ. ಉಪ್ಪಿನ ಮೇಲೆ ಮಾತ್ರ ಅನುಮಾನ ಬರಲಿಲ್ಲ. ಲೋ ಕಾರ್ಬ್‌ನವರಿಗೆ ಉಪ್ಪು ಬೇಕೇ ಬೇಕು ಅಂತ ತಲೆಯಲ್ಲಿ ಕೂತುಬಿಟ್ಟಿತ್ತಲ್ಲ. ಆದರೆ ಮೊದಲ ಒಂದೆರಡು ವಾರ ಕಿಡ್ನಿ ಉಪ್ಪನ್ನು ಹೊರಗೆ ಹಾಕುವ ಜೋರು ಆಮೇಲೂ ಹಾಗೇ ಇರುವುದಿಲ್ಲ, ದೇಹ ಹೊಸ ಊಟಕ್ಕೆ ಹೊಂದಿಕೊಳ್ಳುತ್ತದೆ. ಅದರ ಮೇಲೆ ನನ್ನ ಕಾರ್ಬ್ ಕೂಡ ದಿನಕ್ಕೆ 30 ಗ್ರಾಂನಿಂದ ಮೆಲ್ಲಗೆ 80, 90ಕ್ಕೆ ಏರಿತ್ತು. ಊಟ ಸಡಿಲಾಗಿತ್ತು, ಉಪ್ಪು ಮಾತ್ರ ಮೊದಲ ವಾರದ್ದೇ.

ಡಾಕ್ಟರು ಈ ಸಲ ಬೈಯಲಿಲ್ಲ, ಒಂದು ಕ್ಯಾನ್ ಕೊಡಿಸಿದರು. 24 ಗಂಟೆಯ ಮೂತ್ರ ಪರೀಕ್ಷೆ. ತಿಂದ ಸೋಡಿಯಂನಲ್ಲಿ ನೂರಕ್ಕೆ ಸುಮಾರು 90 ಭಾಗ ಮೂತ್ರದಲ್ಲೇ ಹೋಗುವುದರಿಂದ ಡೈರಿಗಿಂತ ಇದು ನಂಬಿಕಸ್ಥ. ಬೆಳಗ್ಗೆ ಮೊದಲನೆಯದನ್ನು ಬಿಟ್ಟುಬಿಡಬೇಕು. ಅಲ್ಲಿಂದ ಮಾರನೇ ದಿನದ ಮೊದಲನೆಯದೂ ಸೇರಿ ಒಂದು ಹನಿಯೂ ಬಿಡದೆ ಕ್ಯಾನಿಗೆ. ಭಾನುವಾರ ಮನೆಯಲ್ಲೇ ಉಳಿದೆ, ಯಾರಾದರೂ ಬಾಗಿಲು ತಟ್ಟಿದರೆ ಕ್ಯಾನ್ ಮುಚ್ಚಿಡುವ ಗಡಿಬಿಡಿ ಬೇರೆ.

ಫಲಿತಾಂಶ ಸೋಡಿಯಂ 186 ಮಿಲಿಮೋಲ್. ಸೋಡಿಯಂನ ಒಂದು ಮಿಲಿಮೋಲ್ 23 ಮಿಲಿಗ್ರಾಂ. ಅಂದರೆ 4,278 ಮಿಲಿಗ್ರಾಂ ಸೋಡಿಯಂ, ಹತ್ತಿರ ಹತ್ತಿರ 11 ಗ್ರಾಂ ಉಪ್ಪು. ಆ ದಿನದ ಡಬ್ಬಿಯ ಲೆಕ್ಕ 8 ಗ್ರಾಂ. ಮಿಕ್ಕ ಮೂರು ಗ್ರಾಂ ಎಲ್ಲಿಂದ ಬಂತು? ಅಡುಗೆಮನೆಯ ಪೊಟ್ಟಣಗಳನ್ನೆಲ್ಲ ತಿರುಗಿಸಿ ಓದುತ್ತಾ ಕೂತೆ. ಕಾರ್ಬ್ ಇಲ್ಲ ಅಂತ ಧಾರಾಳವಾಗಿ ತಿನ್ನುತ್ತಿದ್ದ ಚೀಸ್, 100 ಗ್ರಾಂಗೆ 700 ಮಿಲಿಗ್ರಾಂ ಸೋಡಿಯಂ. ಬಾಟಲಿ ಸಾಸ್. ಇವೆರಡು ಹೇಗೋ ಊಹಿಸಬಹುದಿತ್ತು. ಮೂರನೆಯದು ನನ್ನನ್ನೇ ಬೆಚ್ಚಿಬೀಳಿಸಿತು: ನೀರಿಗೆ ಹಾಕಿದರೆ ಬುಸ್ಸೆಂದು ನೊರೆ ಬರುವ ತಲೆನೋವಿನ ಮಾತ್ರೆ. ನೊರೆ ಬರಲು ಅದರಲ್ಲಿ ಸೋಡಿಯಂ ಬೈಕಾರ್ಬನೇಟ್ ಹಾಕಿರುತ್ತಾರೆ. ಒಂದು ಮಾತ್ರೆಯಲ್ಲೇ 300, 400 ಮಿಲಿಗ್ರಾಂ ಸೋಡಿಯಂ ಇರುವಂಥವೂ ಇವೆ.

ಅದೇ ಕಾಗದದಲ್ಲಿ ಇನ್ನೊಂದು ಅಂಕಿ ಇತ್ತು. ಪೊಟ್ಯಾಸಿಯಂ 48 ಮಿಲಿಮೋಲ್ (ಇದರ ಒಂದು ಮಿಲಿಮೋಲ್ ಸುಮಾರು 39 ಮಿಲಿಗ್ರಾಂ), ಅಂದರೆ 1,900 ಮಿಲಿಗ್ರಾಂಗೂ ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ ಕನಿಷ್ಠ 3,510. ಹಣ್ಣು, ಬೇಳೆಕಾಳು ಬಿಟ್ಟು ಅದರ ಜಾಗಕ್ಕೆ ಚೀಸ್, ಮೊಟ್ಟೆ ಮಾತ್ರ ತುಂಬಿದರೆ ಇನ್ನೇನಾಗುತ್ತದೆ? ಸೋಡಿಯಂ ಬಿಪಿ ಏರಿಸಿದರೆ ಪೊಟ್ಯಾಸಿಯಂ ಇಳಿಸುವ ಕಡೆಗೆ ಕೆಲಸ ಮಾಡುತ್ತದೆ. ನಾನು ಮೂರು ತಿಂಗಳು ತಕ್ಕಡಿಯ ಒಂದೇ ತಟ್ಟೆ ನೋಡುತ್ತಾ ಕೂತಿದ್ದೆ. ಹಾಗಾದರೆ ಪೊಟ್ಯಾಸಿಯಂ ಬೆರೆಸಿದ ಉಪ್ಪು ತಗೊಳ್ಳಲಾ ಅಂತ ಕೇಳಿದೆ. ಚೀನಾದ ಹಳ್ಳಿಗಳಲ್ಲಿ ಸುಮಾರು 21,000 ಜನರ ಮೇಲೆ ನಡೆಸಿ 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಾಲು ಭಾಗ ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿದ ಉಪ್ಪಿನಿಂದ ಪಾರ್ಶ್ವವಾಯು 14 ಶೇಕಡ ಕಡಿಮೆಯಾಗಿತ್ತು, ಅದನ್ನು ಓದಿಕೊಂಡೇ ಹೋಗಿದ್ದೆ. ಡಾಕ್ಟರು ಬೇಡ ಅಂದರು. ಟೆಲ್ಮಿಸಾರ್ಟಾನ್ ರಕ್ತದಲ್ಲಿ ಪೊಟ್ಯಾಸಿಯಂ ಏರಿಸಬಲ್ಲದು, ಅದರ ಮೇಲೆ ಈ ಉಪ್ಪು ಸೇರಿದರೆ ಹೃದಯದ ಬಡಿತಕ್ಕೇ ಅಪಾಯ. ಸೊಪ್ಪು, ಅಣಬೆ, ಬೀಜಗಳಿಂದಲೇ ಬರಲಿ, ಮಧ್ಯೆ ರಕ್ತ ಪರೀಕ್ಷೆ ಮಾಡಿಸುತ್ತಿರಿ ಅಂದರು. ಎರಡು ಹೊತ್ತು ತಟ್ಟೆಯ ಅರ್ಧ ಸೊಪ್ಪು ಶುರುವಾಯಿತು. (ಗುಲಾಬಿ ಬಣ್ಣದ ಉಪ್ಪಿನ ಬಗ್ಗೆ ಕೇಳುವವರಿಗೆ: ಅದೂ ಹೆಚ್ಚುಕಡಿಮೆ ಪೂರ್ತಿ ಸೋಡಿಯಂ ಕ್ಲೋರೈಡೇ. ಬಣ್ಣಕ್ಕೆ ದುಡ್ಡು ಕೊಟ್ಟು ಅಯೋಡಿನ್ ಕಳೆದುಕೊಳ್ಳುವುದು ನನಗೆ ಬೇಡ.)

ಆಮೇಲೆ ಇಳಿಸಿದ್ದು ಮೆಲ್ಲಮೆಲ್ಲಗೆ. ನೊರೆ ಮಾತ್ರೆ ಮೊದಲು ಹೋಯಿತು, ಚೀಸ್ ಅರ್ಧವಾಯಿತು. ಡಬ್ಬಿಯಿಂದ ವಾರಕ್ಕೊಂದು ಗ್ರಾಂ ಕಡಿಮೆ. ಮೊದಲ ಹತ್ತು ದಿನ ಊಟ ಸಪ್ಪೆ ಸಪ್ಪೆ, ಆಮೇಲೆ ನಾಲಿಗೆ ಒಗ್ಗಿಕೊಂಡಿತು. ಎಲ್ಲ ಸೇರಿ 6 ಗ್ರಾಂ ಹತ್ತಿರ ಬಂದಾಗ ಕೂತ ಬಿಪಿ 122/78, ನಿಂತಾಗ 116/80. ಇನ್ನೂ ಇಳಿಸಿ ನೋಡೋಣ ಅಂತ ನಾಲ್ಕೂವರೆಗೆ ಹೋದೆ. ಬಿಸಿಲಲ್ಲಿ ನಡೆದು ಬಂದ ದಿನ ನಿಂತ ಬಿಪಿ 98ಕ್ಕೆ ಇಳಿಯಿತು, ರಾತ್ರಿ ಮೀನಖಂಡ ಹಿಡಿದುಕೊಂಡಿತು. ವಾಪಸ್ ಆರಕ್ಕೆ ಬಂದೆ. ಬೆವರು ಜಾಸ್ತಿ ಸುರಿದ ದಿನ ಮಾತ್ರ ಒಂದು ಗ್ರಾಂ ಹೆಚ್ಚು.

ಇದೆಲ್ಲ ಉಪ್ಪಿನದೇ ಮಹಿಮೆ ಅಂತ ನಾನು ಹೇಳಲಾರೆ. ಅಷ್ಟರಲ್ಲಿ ನನ್ನ ತೂಕ 9 ಕೆಜಿ ಇಳಿದಿತ್ತು, ತೂಕ ಇಳಿದರೂ ಬಿಪಿ ಇಳಿಯುತ್ತದೆ. ಅಧ್ಯಯನಗಳೂ ಒಂದೇ ರಾಗ ಹಾಡುವುದಿಲ್ಲ. 2001ರ ಡ್ಯಾಶ್ ಸೋಡಿಯಂ ಪ್ರಯೋಗದಲ್ಲಿ ಉಪ್ಪು ಇಳಿದಷ್ಟೂ ಬಿಪಿ ಇಳಿದಿತ್ತು, ಮೊದಲೇ ಬಿಪಿ ಇದ್ದವರಲ್ಲಿ ಇನ್ನೂ ಜಾಸ್ತಿ. ಆದರೆ ಅವರು ತಿಂದದ್ದು ಲೋ ಕಾರ್ಬ್ ಊಟ ಅಲ್ಲ. 2014ರ ಪ್ಯೂರ್ ಅಧ್ಯಯನ 3ರಿಂದ 6 ಗ್ರಾಂ ಸೋಡಿಯಂ ತಿನ್ನುವವರಲ್ಲೇ ಸಾವು, ಹೃದಯದ ಕಾಯಿಲೆಯ ಅಪಾಯ ಕಡಿಮೆ ಅಂದಿತು. ಲೋ ಕಾರ್ಬ್‌ನವರಿಗೆ ಅದು ಅಚ್ಚುಮೆಚ್ಚು. ಆದರೆ ಅಲ್ಲಿ ಸೋಡಿಯಂ ಅಳೆದದ್ದು ಒಂದು ಸಲದ ಮೂತ್ರದಿಂದ ಅಂದಾಜು ಮಾಡಿ. ಭಾನುವಾರವಿಡೀ ಕ್ಯಾನ್ ಹಿಡಿದುಕೊಂಡು ಓಡಾಡಿದ ನನಗೆ ಆ ಅಂದಾಜಿನ ಮೇಲೆ ಅಷ್ಟು ನಂಬಿಕೆ ಬರುವುದಿಲ್ಲ.

ಡಾಕ್ಟರಿಗೆ ನನ್ನ 6 ಗ್ರಾಂ ಇನ್ನೂ ಒಪ್ಪಿಗೆ ಇಲ್ಲ, ಐದಕ್ಕೆ ತನ್ನಿ ಅನ್ನುತ್ತಾರೆ. ನಿಂತ ಬಿಪಿಯ ಡೈರಿ ತೋರಿಸಿ ನಾನು ಚೌಕಾಸಿ ಮಾಡುತ್ತಿದ್ದೇನೆ. ಮುಂದಿನ ಸಲ ಬರುವಾಗ ಮತ್ತೆ 24 ಗಂಟೆಯ ಪರೀಕ್ಷೆ ಮಾಡಿಸಿಕೊಂಡು ಬನ್ನಿ, ಆಮೇಲೆ ಮಾತಾಡೋಣ ಅಂದಿದ್ದಾರೆ. ಕ್ಯಾನ್ ಬಾತ್‌ರೂಮಿನ ಮೂಲೆಯಲ್ಲಿ ಕಾಯುತ್ತಿದೆ. ಈ ಭಾನುವಾರ ಮನೆಗೆ ಯಾರನ್ನೂ ಕರೆದಿಲ್ಲ.