ಬೋಲ್ಡ್ ಸಾಲದು ಅಂತ ಬ್ರೇಜನ್ ಸೇರಿಸಿದ್ದೆ

ನನ್ನ ಮೊದಲ ಇಂಟರ್‌ವ್ಯೂ ಕಲಬುರಗಿಯಲ್ಲಿ. ಬಯೋಡೇಟಾದಲ್ಲಿ ನನ್ನ ಬಗ್ಗೆ 'ಬೋಲ್ಡ್ ಅಂಡ್ ಬ್ರೇಜನ್' ಅಂತ ಬರೆದುಕೊಂಡಿದ್ದೆ. ಬೋಲ್ಡ್‌ಗೆ ಜೊತೆಗಿರಲಿ ಅಂತ ಮೊಬೈಲ್‌ನಲ್ಲಿ ಇನ್ನೊಂದು ಪದ ಹುಡುಕಿದಾಗ ಸಿಕ್ಕಿದ್ದು ಅದು. ಕೇಳೋಕೂ ಗಟ್ಟಿಯಾಗಿತ್ತು. ಎದುರಿಗಿದ್ದವರು ಓದಿ ಕನ್ನಡಕ ತೆಗೆದರು. "ಅಂಥಾದ್ದೇನು ಮಾಡೀರಿ?" ಎಂದರು. ನಾನು ಸುಮ್ನೆ ನಕ್ಕೆ. ಕೆಲಸ ಸಿಗಲಿಲ್ಲ.

ಬೀದರ್‌ಗೆ ಬಂದು ಡಿಕ್ಷನರಿ ತೆಗೆದರೆ 'ನಾಚಿಕೆಯಿಲ್ಲದ' ಅಂತಿತ್ತು. ಷೇಮ್‌ಲೆಸ್‌ಗೂ ಅದೇ ಅರ್ಥ. ಹಾಗಾದರೆ ಎರಡು ಪದ ಯಾಕೆ?

ಮೂಲ ನೋಡಿದೆ. ವುಡ್‌ನಿಂದ ವುಡನ್ ಆದ ಹಾಗೆ ಬ್ರಾಸ್‌ನಿಂದ ಬ್ರೇಜನ್. ಅಂದರೆ ಹಿತ್ತಾಳೆಯದು. ಹಿತ್ತಾಳೆ ಮುಖ ನಾಚಿ ಕೆಂಪಾಗುತ್ತದೆಯೇ? ನಮ್ಮ ಬೀದರಿನ ಬಿದ್ರಿ ಕಲೆಯ ಪಾತ್ರೆಗಳಲ್ಲೂ ಅದೇ ತಾಮ್ರ, ಅದೇ ಸತು. ಹಿತ್ತಾಳೆಯಲ್ಲಿ ತಾಮ್ರ ಜಾಸ್ತಿ, ಬಿದ್ರಿಯಲ್ಲಿ ಸತು ಜಾಸ್ತಿ, ಅಷ್ಟೇ. ಆದರೆ ಬೀದರ್ ಕೋಟೆಯ ಮಣ್ಣು, ನವಸಾಗರ ಅನ್ನುವ ಲವಣ ಕಲಸಿ ಹಚ್ಚಿದರೆ ಬಿದ್ರಿ ಕಪ್ಪಾಗುತ್ತದೆ. ಪಾಪ, ಅದು ಬಣ್ಣವಾದರೂ ಬದಲಿಸುತ್ತದೆ.

ಬಳಕೆ ತಿಳಿದಿದ್ದು ಮಾತ್ರ ಬಸ್ಸಿನಲ್ಲಿ. ಹುಮನಾಬಾದ್ ಮೇಲೆ ಕಲಬುರಗಿಗೆ ಹೋಗುವ ಗಾಡಿ. ಅಜ್ಜಿಯೊಬ್ಬರು ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದಿದ್ದರು. ಒಬ್ಬ ಬಂದ, ಟವೆಲ್ ಎತ್ತಿ ಅದೇ ಅಜ್ಜಿಯ ಕೈಗಿಟ್ಟ, ಕೂತ. ಎಲ್ಲರೂ ನೋಡುತ್ತಿದ್ದೆವು. ಅವನೂ ನಮ್ಮನ್ನು ನೋಡಿದ. "ಏನೀಗ?" ಅನ್ನುವ ಮುಖ.

ಅದೇ ಬ್ರೇಜನ್! ಟವೆಲ್ಲನ್ನು ಕದ್ದು ಸೀಟಿನ ಕೆಳಗೆ ತಳ್ಳಿದ್ದರೆ ಅದು ಬರೀ ಕಳ್ಳತನ. ಎಲ್ಲರ ಕಣ್ಣೆದುರು, ಬಚ್ಚಿಡದೆ ಮಾಡಬೇಕು. ನಮ್ಮಲ್ಲಿ ಬೇಶರಮ್ ಅಂತೀವಿ, ಅದು ಷೇಮ್‌ಲೆಸ್‌ಗೆ ಹತ್ತಿರ. ಬ್ರೇಜನ್‌ಗೆ ನನಗೆ ಒಪ್ಪುವುದು 'ಭಂಡ'. 'ಬ್ರೇಜನ್ ಲೈ' ಅಂದರೆ ಭಂಡ ಸುಳ್ಳು, ಗೊತ್ತಾಗುತ್ತದೆ ಅಂತ ಗೊತ್ತಿದ್ದೂ ಹೇಳುವ ಸುಳ್ಳು. ಹಾಡಹಗಲೇ ದರೋಡೆಯಾದಾಗ ಇಂಗ್ಲಿಷ್ ಪೇಪರ್ 'ಬ್ರೇಜನ್' ಅನ್ನುವ ಕಡೆ ಕನ್ನಡ ಪೇಪರ್ 'ರಾಜಾರೋಷವಾಗಿ' ಅನ್ನುತ್ತದೆ. ಇದು ಇನ್ನೂ ಚೆಂದ. 'ಬ್ರೇಜನ್ ಇಟ್ ಔಟ್' ಅಂತಲೂ ಇದೆ: ಸಿಕ್ಕಿಬಿದ್ದ ಮೇಲೂ ಭಂಡತನದಿಂದ ದಬಾಯಿಸಿಕೊಂಡು ನಿಲ್ಲುವುದು.

ಕೆಲವೊಮ್ಮೆ ಮೆಚ್ಚುಗೆಯಿಂದಲೂ ಬಳಸುತ್ತಾರೆ, ಆದರೆ ಅಲ್ಲೂ 'ಎಷ್ಟು ಧೈರ್ಯ ನೋಡು ಇವನಿಗೆ' ಅನ್ನುವ ಹುಬ್ಬೇರಿಸುವಿಕೆ ಇರುತ್ತದೆ. ಬೇರೆಯವರು ನಮ್ಮ ಬಗ್ಗೆ ಹೇಳಬೇಕಾದ ಮಾತು ಅದು. ನಾವೇ ಬರೆದುಕೊಂಡು ಸಹಿ ಹಾಕುವಂಥದ್ದಲ್ಲ.

ನನ್ನ ಬಯೋಡೇಟಾದಲ್ಲಿ ಈಗ 'ಕಾನ್ಫಿಡೆಂಟ್' ಅಂತಿದೆ. ಬೋಲ್ಡ್ ಕೂಡ ತೆಗೆದೆ.